ಸೈಕಲ್‌ಗೆ ನೀರಿನ ಬಾಟ್ಲಿ ಎಲ್ಲಿ ಕಟ್ಟಬೇಕು? ಟ್ರಯಥ್ಲಾನ್‌ನವರ ಗಾಳಿ ಲೆಕ್ಕ, ನೀರಿನ ಲೆಕ್ಕ

ವಿಜಯಪುರ: ಸೈಕಲ್ ಮೇಲೆ ನೀರಿನ ಬಾಟ್ಲಿ ಎಲ್ಲಿಟ್ಟರೆ ಏನಾಯ್ತು ಅಂತ ನಮಗೆಲ್ಲ ಅನ್ನಿಸ್ತದೆ. ಶಾಲೆಗೆ ಹೋಗುವ ಮಕ್ಕಳು ಕ್ಯಾರಿಯರ್‌ಗೆ ಸಿಗಿಸ್ತಾರೆ. ಹೊಲಕ್ಕೆ ಹೋಗುವವರು ಚೀಲದಲ್ಲಿ ಹಾಕಿ ಹ್ಯಾಂಡಲ್‌ಗೆ ನೇತುಹಾಕ್ತಾರೆ. ನೀರು ಚೆಲ್ಲದೆ ಹೊಲ ಮುಟ್ಟಿದರೆ ಸಾಕು.

ಆದರೆ ಟ್ರಯಥ್ಲಾನ್ ಓಡಿಸುವವರಿಗೆ ಇದು ದೊಡ್ಡ ಪ್ರಶ್ನೆ. ಬಾಟ್ಲಿ ಮುಂದೆ ಕಟ್ಟಬೇಕಾ, ಹಿಂದೆ ಕಟ್ಟಬೇಕಾ, ದುಂಡಗಿರಬೇಕಾ, ಚಪ್ಪಟೆ ಇರಬೇಕಾ ಅಂತ ಗಾಳಿ ಸುರಂಗದಲ್ಲಿ ಸೈಕಲ್ ನಿಲ್ಲಿಸಿ ಅಳತೆ ಮಾಡಿದವರಿದ್ದಾರೆ. ಸಾವಿರಾರು ರೂಪಾಯಿಯ ಬಾಟ್ಲಿಗಳು ಮಾರುಕಟ್ಟೆಗೆ ಬಂದಿವೆ. ವಿಜಯಪುರ, ಬಾಗಲಕೋಟೆ, ಗದಗ ಭಾಗ ಮೊದಲಿನಿಂದಲೂ ಸೈಕ್ಲಿಂಗ್‌ಗೆ ಹೆಸರಾದ ನೆಲ. ಪಕ್ಕದ ಗೋವಾದಲ್ಲೇ 2019ರಿಂದ ಐರನ್‌ಮ್ಯಾನ್ 70.3 ಸ್ಪರ್ಧೆ ಶುರುವಾಗಿದೆ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಅದನ್ನು ಮುಗಿಸಿದಾಗ ಟ್ರಯಥ್ಲಾನ್ ಅನ್ನೋ ಹೆಸರು ಹಳ್ಳಿ ಹಳ್ಳಿಗೂ ಗೊತ್ತಾಯ್ತು. ಹಾಗಾಗಿ ನಮ್ಮ ಹುಡುಗರೂ ಈ ಬಾಟ್ಲಿ ಪ್ರಶ್ನೆ ಕೇಳ್ತಾರೆ, ಸೈಕಲ್ ಅಂಗಡಿಯವರೂ ಉತ್ತರ ಹೇಳಬೇಕಾಗ್ತದೆ. ಅದರ ಹಿಂದಿನ ಲೆಕ್ಕ ಏನು ಅಂತ ನೋಡೋಣ.

ಮೊದಲು ಸ್ಪರ್ಧೆ ಬಗ್ಗೆ ಎರಡು ಮಾತು

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ಮುಗಿಸುವುದು. 70.3ರಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು 70.3 ಮೈಲಿ, ಅಂದರೆ ಸುಮಾರು 113 ಕಿ.ಮೀ. ಪೂರ್ತಿ ಐರನ್‌ಮ್ಯಾನ್ ಇದರ ಎರಡರಷ್ಟು.

ನಮ್ಮ ಭಾಗದ ರೋಡ್ ರೇಸ್‌ನಲ್ಲಿ ಹುಡುಗರು ಗುಂಪಾಗಿ ಹೋಗ್ತಾರೆ. ಮುಂದಿನವ ಗಾಳಿ ಸೀಳ್ತಾನೆ, ಹಿಂದಿನವನಿಗೆ ಸಾಕಷ್ಟು ಶ್ರಮ ಉಳೀತದೆ. ಐರನ್‌ಮ್ಯಾನ್ ಮಾದರಿಯ ಸ್ಪರ್ಧೆಯಲ್ಲಿ ಇದಕ್ಕೆ ಅವಕಾಶ ಇಲ್ಲ. ಸಾಮಾನ್ಯ ಸ್ಪರ್ಧಿಗಳು ಮುಂದಿನ ಸೈಕಲ್‌ನಿಂದ 12 ಮೀಟರ್ ದೂರ ಬಿಟ್ಟು ಹೋಗಬೇಕು ಅನ್ನೋ ನಿಯಮ ಇದೆ. ಯಾರ ಮರೆಯೂ ಸಿಗಲ್ಲ. 90 ಕಿ.ಮೀ. ಉದ್ದಕ್ಕೂ ಗಾಳಿಗೆ ಒಬ್ಬರೇ ಎದೆ ಕೊಡಬೇಕು. ಅದಕ್ಕೇ ಟ್ರಯಥ್ಲಾನ್‌ನವರಿಗೆ ಗಾಳಿ ಲೆಕ್ಕ ಇಷ್ಟು ಮುಖ್ಯ.

ಗಾಳಿ ಎಷ್ಟು ತಡೀತದೆ?

ಸೈಕಲ್ ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗ್ತದೆ. ಆ ತಡೆಯನ್ನು ದಾಟಲು ಬೇಕಾದ ಶಕ್ತಿ ಎಂಟರಷ್ಟಾಗ್ತದೆ. ಗಂಟೆಗೆ 18 ಕಿ.ಮೀ.ನಲ್ಲಿ ಆರಾಮಾಗಿ ಹೋಗುವವನು 36 ಕಿ.ಮೀ.ಗೆ ಏರಿದರೆ ಎದೆ ಯಾಕೆ ಹೊಡಕೊಳ್ತದೆ ಅಂದರೆ ಇದಕ್ಕೇ.

ಅಂಕಿಯಲ್ಲಿ ಹೇಳೋದಾದರೆ, ಟ್ರಯಥ್ಲಾನ್ ಸೈಕಲ್ ಮೇಲೆ ಚೆನ್ನಾಗಿ ಬಾಗಿ ಕೂತ ಒಬ್ಬ ಸವಾರ ಸಪಾಟು ರಸ್ತೆಯಲ್ಲಿ 36 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 190 ವಾಟ್ ಶಕ್ತಿ ಹಾಕಬೇಕು. ಅದರಲ್ಲಿ ಹತ್ತಿರಹತ್ತಿರ 150 ವಾಟ್ ಗಾಳಿಗೇ ಹೋಗ್ತದೆ. ಉಳಿದ 40 ವಾಟ್ ಮುಖ್ಯವಾಗಿ ಟೈರ್ ಉರುಳುವುದಕ್ಕೆ. ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಬೆವರು ಗಾಳಿ ಪಾಲು.

ಎದುರುಗಾಳಿ ಇದ್ದರೆ ಇನ್ನೂ ಕಷ್ಟ. ನೀವು 20 ಕಿ.ಮೀ. ವೇಗದಲ್ಲಿ ಹೋಗ್ತಿದ್ದು, ಎದುರಿನಿಂದ 20 ಕಿ.ಮೀ. ಗಾಳಿ ಬೀಸಿದರೆ ನಿಮ್ಮ ಮೈಗೆ ತಾಗುವುದು 40 ಕಿ.ಮೀ. ಗಾಳಿ. ಮುಂಗಾರಿನ ಗಾಳಿಯಲ್ಲಿ ನಮ್ಮ ಬಯಲುಸೀಮೆ ರಸ್ತೆಗಳಲ್ಲಿ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ತಡೆಯಲ್ಲಿ ದೊಡ್ಡ ಪಾಲು ಸವಾರನ ಮೈಯದ್ದು. ಸೈಕಲ್‌ನದ್ದು ಕಡಿಮೆ. ಹಾಗಾಗಿ ಮೊದಲ ಲಾಭ ಸಿಗುವುದು ಕೂರುವ ಭಂಗಿಯಿಂದ. ಮೊಣಕೈ ಊರಿ ಕೈ ಮುಂದಕ್ಕೆ ಚಾಚುವ ಏರೋಬಾರ್ ಅನ್ನೋ ಹ್ಯಾಂಡಲ್ ಟ್ರಯಥ್ಲಾನ್‌ನಿಂದಲೇ ಬಂದದ್ದು. 1989ರ ಟೂರ್ ಡಿ ಫ್ರಾನ್ಸ್‌ನಲ್ಲಿ ಅಮೆರಿಕದ ಗ್ರೆಗ್ ಲೆಮಂಡ್ ಕೊನೆಯ ದಿನ 50 ಸೆಕೆಂಡ್ ಹಿಂದಿದ್ದ. ಏರೋಬಾರ್ ಹಾಕಿಕೊಂಡು 24.5 ಕಿ.ಮೀ. ತುಳಿದು ಫ್ರಾನ್ಸ್‌ನ ಲೊರಾಂ ಫಿನ್ಯೋನನ್ನು ಒಟ್ಟು 8 ಸೆಕೆಂಡ್‌ನಲ್ಲಿ ಸೋಲಿಸಿದ. ಮೂರು ವಾರದ ಸ್ಪರ್ಧೆ ಅದು, ಗೆಲುವು ಎಂಟು ಸೆಕೆಂಡ್‌ನದ್ದು! ಸಣ್ಣ ಸಣ್ಣ ಗಾಳಿ ಲಾಭಕ್ಕೆ ಜನ ತಲೆಕೆಡಿಸಿಕೊಳ್ಳಲು ಶುರು ಮಾಡಿದ್ದಕ್ಕೆ ಇಂಥ ಫಲಿತಾಂಶಗಳೇ ಕಾರಣ.

ನೀರಿನ ಭಾರ ಅಲ್ಲ, ಬಾಟ್ಲಿಯ ಜಾಗ

"ಎರಡು ಬಾಟ್ಲಿ ಒಯ್ದರೆ ಭಾರ ಆಗ್ತದ್ರಿ, ಒಂದು ಸಾಕು" ಅಂತ ಹೊಸಬರು ಹೇಳ್ತಾರೆ. ಲೆಕ್ಕ ಹಾಕಿದರೆ ಈ ಮಾತು ನಿಲ್ಲಲ್ಲ.

ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಸಪಾಟು ರಸ್ತೆಯಲ್ಲಿ 36 ಕಿ.ಮೀ. ವೇಗದಲ್ಲಿ ಈ ಒಂದು ಕೆ.ಜಿ.ಯನ್ನು ಎಳೆಯಲು ಬೇಕಾಗುವುದು ಸುಮಾರು ಅರ್ಧ ವಾಟ್ ಮಾತ್ರ. ನೂರಕ್ಕೆ ಐದರ ಏರಿನಲ್ಲಿ 15 ಕಿ.ಮೀ. ವೇಗದಲ್ಲಿ ಹತ್ತಿದರೂ ಎರಡು ವಾಟ್ ಆಸುಪಾಸು. ಅದೂ ಕುಡಿಯುತ್ತಾ ಹೋದ ಹಾಗೆ ಕಡಿಮೆ ಆಗ್ತದೆ.

ಅದೇ ಬಾಟ್ಲಿಯನ್ನು ತಪ್ಪು ಜಾಗದಲ್ಲಿ ಕಟ್ಟಿ ಗಾಳಿಯ ತಡೆ ನೂರಕ್ಕೆ ಎರಡರಷ್ಟು ಹೆಚ್ಚಾಯ್ತು ಅಂದುಕೊಳ್ಳಿ. 150 ವಾಟ್‌ಗೆ ಮೂರು ವಾಟ್ ಸೇರಿತು. ನೀರಿನ ಭಾರಕ್ಕಿಂತ ಆರು ಪಟ್ಟು. ಅಷ್ಟೇ ಶಕ್ತಿಯಲ್ಲಿ ತುಳಿದರೆ 90 ಕಿ.ಮೀ.ಗೆ ಹತ್ತಿರ ಒಂದು ನಿಮಿಷ ತಡವಾಗ್ತದೆ. ಬಾಟ್ಲಿ ಖಾಲಿಯಾದರೂ ಈ ತಡೆ ಕಡಿಮೆ ಆಗಲ್ಲ. ಖಾಲಿ ಬಾಟ್ಲಿಗೂ ತುಂಬಿದ ಬಾಟ್ಲಿಗೂ ಗಾಳಿ ಒಂದೇ.

ಹಾಗಾಗಿ ಪ್ರಶ್ನೆ ಎಷ್ಟು ನೀರು ಅನ್ನೋದಲ್ಲ, ಎಲ್ಲಿ ಅನ್ನೋದು.

ದುಂಡು ಬಾಟ್ಲಿಗೂ ಗಾಳಿಗೂ ಯಾಕೆ ಆಗಲ್ಲ

ನೀರು ಹರಿಯುವ ಕಾಲುವೆಯಲ್ಲಿ ಒಂದು ದುಂಡು ಕಂಬ ನೆಟ್ಟು ನೋಡಿ. ಮುಂದೆ ನೀರು ಸೀಳಿ ಎರಡೂ ಬದಿ ಹೋಗ್ತದೆ. ಕಂಬದ ಹಿಂದೆ ಸುಳಿ ಏಳ್ತದೆ. ಗಾಳಿಯೂ ಹೀಗೇ. ಆ ಸುಳಿ ಜಾಗದಲ್ಲಿ ಒತ್ತಡ ಕಡಿಮೆ ಇರ್ತದೆ, ಮುಂದೆ ಹೆಚ್ಚಿರ್ತದೆ. ಈ ವ್ಯತ್ಯಾಸವೇ ವಸ್ತುವನ್ನು ಹಿಂದಕ್ಕೆ ಎಳೀತದೆ. ಅದೇ ದಪ್ಪದ ವಸ್ತುವಿಗೆ ಮೀನಿನ ಹಾಗೆ ಹಿಂದೆ ಚೂಪಾದ ಬಾಲ ಕೊಟ್ಟರೆ ಸುಳಿ ಬಹಳ ಸಣ್ಣದಾಗ್ತದೆ, ತಡೆ ದುಂಡು ಕಂಬದ ಹತ್ತನೇ ಒಂದು ಪಾಲಿನ ಹತ್ತಿರಕ್ಕೆ ಇಳೀತದೆ. ವಿಮಾನದ ರೆಕ್ಕೆ, ದುಬಾರಿ ಸೈಕಲ್‌ಗಳ ಚಪ್ಪಟೆ ಪೈಪ್‌ಗಳ ಗುಟ್ಟು ಇದೇ.

ಇನ್ನೊಂದು ವಿಷಯ, ಬಾಟ್ಲಿ ಹೇಗೆ ಮಲಗಿದೆ ಅನ್ನೋದು. ಮಾಮೂಲು ಸೈಕಲ್ ಬಾಟ್ಲಿಯ ಅಡ್ಡಳತೆ 7.4 ಸೆಂ.ಮೀ. ಆಸುಪಾಸು. ಎತ್ತರ 20 ಸೆಂ.ಮೀ. ಹಿಡಿಯೋಣ. ನೆಟ್ಟಗೆ ನಿಲ್ಲಿಸಿದರೆ ಗಾಳಿಗೆ ಎದುರಾಗುವ ಜಾಗ ಸುಮಾರು 148 ಚದರ ಸೆಂ.ಮೀ. ಅದನ್ನೇ ಮುಂದಕ್ಕೆ ಮುಖ ಮಾಡಿ ಅಡ್ಡ ಮಲಗಿಸಿದರೆ 43 ಚದರ ಸೆಂ.ಮೀ. ಮಾತ್ರ. ಬಾಟ್ಲಿ ಅದೇ, ನೀರು ಅಷ್ಟೇ. ಗಾಳಿಗೆ ಸಿಗುವ ಭಾಗ ಮೂರನೇ ಒಂದಕ್ಕಿಂತ ಕಡಿಮೆ.

ನಾಲ್ಕು ಜಾಗ, ನಾಲ್ಕು ಗುಣ

*ಏರೋಬಾರ್ ನಡುವೆ:* ಎರಡು ಮುಂಗೈಗಳ ನಡುವೆ ಬಾಟ್ಲಿಯನ್ನು ಅಡ್ಡ ಮಲಗಿಸಿ ಕಟ್ಟುವುದು. ಕೈಗಳ ನಡುವೆ ನುಗ್ಗಿ ಎದೆಗೆ ಬಡಿಯುವ ಗಾಳಿಯ ದಾರಿಯನ್ನು ಬಾಟ್ಲಿ ತುಂಬ್ತದೆ. ಅದಕ್ಕೇ ಇಲ್ಲಿ ಇಟ್ಟ ಬಾಟ್ಲಿ ಹೆಚ್ಚಿನವರಿಗೆ ತಡೆ ಹೆಚ್ಚಿಸಲ್ಲ, ಕೆಲವರಿಗೆ ಕಡಿಮೆಯೂ ಮಾಡ್ತದೆ. ಕೊಳವೆ ಇಟ್ಟರೆ ತಲೆ ಎತ್ತದೆ, ಕೈ ಬಿಡದೆ ಕುಡೀಬಹುದು. ಕಣ್ಣೆದುರೇ ಇರುವುದರಿಂದ ಕುಡಿಯೋದು ಮರೆಯಲ್ಲ. ಒಂದೇ ಎಚ್ಚರಿಕೆ ಅಂದರೆ ಮುಂದೆ ಬಹಳ ಭಾರ ಹೇರಿದರೆ ಹ್ಯಾಂಡಲ್ ತಿರುಗಿಸುವಾಗ ಎಳೆದಂತಾಗ್ತದೆ. ಅಡ್ಡಗಾಳಿಯಲ್ಲಿ ಇದು ಹೆಚ್ಚು.

*ಫ್ರೇಮ್ ಒಳಗೆ:* ಹ್ಯಾಂಡಲ್ ಬುಡದಿಂದ ಪೆಡಲ್ ಕಡೆಗೆ ಇಳಿಯುವ ಡೌನ್ ಟ್ಯೂಬ್, ಸೀಟಿನಿಂದ ಕೆಳಗಿಳಿಯುವ ಸೀಟ್ ಟ್ಯೂಬ್, ಈ ಎರಡು ಕಡೆ ಕಂಪನಿಯವರೇ ತೂತು ಕೊಟ್ಟಿರ್ತಾರೆ. ಚಪ್ಪಟೆ ಪೈಪಿನ ಟ್ರಯಥ್ಲಾನ್ ಸೈಕಲ್‌ಗೆ ದುಂಡು ಬಾಟ್ಲಿ ಸಿಗಿಸಿದರೆ ಪೈಪಿನ ಲಾಭವನ್ನು ಬಾಟ್ಲಿ ಸ್ವಲ್ಪ ತಿಂದುಹಾಕ್ತದೆ. ಫ್ರೇಮಿಗೆ ಹೊಂದುವ ಚಪ್ಪಟೆ ಬಾಟ್ಲಿ ಮಾಡಿದ್ದು ಇದಕ್ಕೇ. ಎರಡರಲ್ಲಿ ಯಾವ ಪೈಪ್ ಒಳ್ಳೇದು ಅನ್ನೋದು ಫ್ರೇಮಿನಿಂದ ಫ್ರೇಮಿಗೆ ಬದಲಾಗ್ತದೆ. ಎಲ್ಲ ಸೈಕಲ್‌ಗೂ ಒಂದೇ ಉತ್ತರ ಇಲ್ಲ. ಆದರೆ ದುಂಡು ಪೈಪಿನ ಮಾಮೂಲು ರೋಡ್ ಸೈಕಲ್ ಇದ್ದವರಿಗೆ ಇದೇ ಸುಲಭದ, ಗಟ್ಟಿ ಜಾಗ. ಭಾರ ಕೆಳಗಿರ್ತದೆ, ಸೈಕಲ್ ಓಲಾಡಲ್ಲ.

*ಸೀಟಿನ ಹಿಂದೆ:* ಸವಾರನ ಸೊಂಟದ ಹಿಂದೆ ಗಾಳಿ ಮೊದಲೇ ಸುಳಿ ಎದ್ದಿರ್ತದೆ. ಆ ಮರೆಯಲ್ಲಿ, ಸೊಂಟಕ್ಕೆ ಹತ್ತಿರ ಒಂದೇ ಬಾಟ್ಲಿ ಕಟ್ಟಿದರೆ ತಡೆ ಕಡಿಮೆ. ಎರಡು ಬಾಟ್ಲಿಯನ್ನು ಕೊಂಬಿನ ಹಾಗೆ ಎರಡೂ ಬದಿ ಚಾಚಿ ಕಟ್ಟಿದರೆ ಅವು ಮರೆಯಿಂದ ಹೊರಗೆ ಬಂದು ಗಾಳಿಗೆ ಸಿಗ್ತವೆ. ಇಲ್ಲಿ ಗಾಳಿಗಿಂತ ದೊಡ್ಡ ತಾಪತ್ರಯ ರಸ್ತೆಯದ್ದು. ಗುಂಡಿಗೆ ಇಳಿದಾಗ ಹಿಂದಿನ ಚಕ್ರ ಎಗರಿದ ಏಟಿಗೆ ಬಾಟ್ಲಿ ಹಾರಿ ರಸ್ತೆಗೆ ಬೀಳ್ತದೆ. ಸವಾರನಿಗೆ ಗೊತ್ತೂ ಆಗಲ್ಲ. ಹಿಂದಿನಿಂದ ಬರುವವನ ಚಕ್ರಕ್ಕೆ ಸಿಕ್ಕರೆ ಅಪಘಾತವೇ.

*ಬಟ್ಟೆಯ ಒಳಗೆ:* ಎದೆಯ ಮೇಲೆ ಅಂಗಿಯೊಳಗೆ ಬಾಟ್ಲಿ ತುರುಕಿ, ತಗ್ಗು ತುಂಬಿಸಿ ಗಾಳಿ ನುಣುಪಾಗಿ ಹರಿಯುವಂತೆ ಮಾಡುವ ಉಪಾಯವನ್ನೂ ಕೆಲವರು ಮಾಡಿದ್ದಾರೆ. ಬಿದ್ದರೆ ಎದೆಗೇ ಏಟು. ನಿಯಮದಲ್ಲಿ ಅವಕಾಶ ಇದೆಯಾ ಅಂತ ನೋಡದೆ ಇದಕ್ಕೆ ಕೈ ಹಾಕಬಾರದು.

ನಿಯಮದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ನಡೆಸುವ ಸ್ಪರ್ಧೆಗಳಲ್ಲಿ ಬಾಟ್ಲಿ ಡೌನ್ ಟ್ಯೂಬ್ ಮತ್ತು ಸೀಟ್ ಟ್ಯೂಬ್ ಮೇಲೆ, ಫ್ರೇಮಿನ ಒಳಭಾಗದಲ್ಲೇ ಇರಬೇಕು. ದಪ್ಪ 4ರಿಂದ 10 ಸೆಂ.ಮೀ. ಒಳಗೆ, ನೀರು ಹಿಡಿಯುವುದು 400ರಿಂದ 800 ಮಿ.ಲೀ. ಒಳಗೆ ಇರಬೇಕು. ಟ್ರಯಥ್ಲಾನ್ ನಿಯಮ ಬೇರೆ. ಎರಡರಲ್ಲೂ ಸ್ಪರ್ಧಿಸುವ ಹುಡುಗರು ಒಂದರ ಜೋಡಣೆಯನ್ನು ಇನ್ನೊಂದಕ್ಕೆ ಒಯ್ಯುವ ಮೊದಲು ನಿಯಮ ಓದಬೇಕು.

ಗಾಳಿ ಉಳಿಸಲು ಹೋಗಿ ನೀರು ಬಿಟ್ಟರೆ

ಈ ಲೆಕ್ಕವೆಲ್ಲ ಕೇಳಿದ ಮೇಲೆ "ಬಾಟ್ಲಿಯೇ ಬೇಡ, ಹಗುರಾಗಿ ಹೋಗಿಬಿಡೋಣ" ಅಂತ ಅನ್ನಿಸಿದರೆ ಅದೇ ದೊಡ್ಡ ಅಪಾಯ.

ಮೊದಲ ಐರನ್‌ಮ್ಯಾನ್ ನಡೆದದ್ದು 1978ರಲ್ಲಿ, ಹವಾಯಿಯಲ್ಲಿ. 15 ಜನ ಹೊರಟರು, 12 ಜನ ಮುಗಿಸಿದರು. ಪ್ರತಿ ಸ್ಪರ್ಧಿಗೂ ಅವರವರ ಸಹಾಯಕರೇ ನೀರು, ತಿಂಡಿ ಕೊಡಬೇಕಿತ್ತು. ಜಾನ್ ಡನ್‌ಬಾರ್ ಅನ್ನುವ ನೌಕಾಪಡೆಯವ ಓಟ ಶುರುವಾದಾಗ ಮುಂದಿದ್ದ. ಅವನ ಸಹಾಯಕರ ಹತ್ತಿರ ನೀರು ಮುಗಿಯಿತು. ಕೈಗೆ ಸಿಕ್ಕ ಬಿಯರ್ ಕೊಟ್ಟರು! ಗೆದ್ದವನು ಗಾರ್ಡನ್ ಹಾಲರ್, ಡನ್‌ಬಾರ್ ಎರಡನೆಯವನಾದ. ಆ ಸ್ಪರ್ಧೆಯ ಕತೆ ಹೇಳುವವರು ಈ ನೀರಿನ ಕತೆಯನ್ನು ಬಿಡಲ್ಲ.

ದೇಹದ ತೂಕದ ನೂರಕ್ಕೆ ಎರಡರಷ್ಟು ನೀರು ಬೆವರಾಗಿ ಹೋದರೆ ಶಕ್ತಿ ಕುಗ್ಗಲು ಶುರುವಾಗ್ತದೆ ಅಂತ ಕ್ರೀಡಾ ವೈದ್ಯರು ಹೇಳ್ತಾರೆ. 70 ಕೆ.ಜಿ. ತೂಕದವನಿಗೆ ಅದು 1.4 ಕೆ.ಜಿ. ಬಿಸಿಲಲ್ಲಿ ಜೋರಾಗಿ ತುಳಿದರೆ ಗಂಟೆಗೆ ಒಂದು ಲೀಟರ್, ಕೆಲವರಿಗೆ ಅದಕ್ಕಿಂತ ಹೆಚ್ಚು ಬೆವರು ಹೋಗ್ತದೆ. ಅಂದರೆ ಏನೂ ಕುಡಿಯದಿದ್ದರೆ ಎರಡು ಗಂಟೆಯೊಳಗೆ ಆ ಗೆರೆ ದಾಟಿರ್ತೀರಿ. ಗೋವಾದ ಕರಾವಳಿ ಸೆಖೆ ನಮ್ಮ ಒಣ ಬಿಸಿಲಿನ ಹಾಗಲ್ಲ. ಅಲ್ಲಿ ಬೆವರು ಆರಲ್ಲ, ಮೈ ತಣಿಯಲ್ಲ. ಸೈಕಲ್ ಇಳಿದ ಮೇಲೆ ಇನ್ನೂ 21 ಕಿ.ಮೀ. ಓಡಬೇಕು. ಬಾಟ್ಲಿ ಬಿಟ್ಟು ಉಳಿಸಿದ ಒಂದು ನಿಮಿಷ, ಓಟದಲ್ಲಿ ಕಾಲು ಹಿಡಿದುಕೊಂಡು ನಡೆಯುವಾಗ ಎಷ್ಟೋ ಪಟ್ಟಾಗಿ ಹೋಗ್ತದೆ. ತಲೆಸುತ್ತು, ಬಿಸಿಲಾಘಾತ ಆದರೆ ಮಾತು ನಿಮಿಷದ್ದಲ್ಲ, ಜೀವದ್ದು.

ಹಾಗಂತ ಬರೀ ನೀರನ್ನೇ ಅಳತೆ ಮೀರಿ ಕುಡಿಯೋದೂ ತಪ್ಪು. ರಕ್ತದಲ್ಲಿ ಉಪ್ಪಿನಂಶ ಕುಸಿದು ಅಪಾಯ ಆಗ್ತದೆ. ನೀರಿನ ಜೊತೆ ಉಪ್ಪಿನಂಶವೂ ಇರಬೇಕು.

ನಿಮಗೆಷ್ಟು ಬೇಕು ಅಂತ ಮನೆಯಲ್ಲೇ ತಿಳೀಬಹುದು. ಸವಾರಿಗೆ ಮುಂಚೆ ತೂಕ ನೋಡಿ, ಒಂದು ಗಂಟೆ ತುಳಿದು ಬಂದು ಬೆವರು ಒರೆಸಿಕೊಂಡು ಮತ್ತೆ ನೋಡಿ. ಒಂದು ಕೆ.ಜಿ. ಇಳಿದಿದ್ದು, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಬೆವರಾಗಿ ಹೋದದ್ದು ಸುಮಾರು ಒಂದೂವರೆ ಲೀಟರ್. ಅಷ್ಟನ್ನೂ ದಾರಿಯಲ್ಲೇ ತುಂಬಿಸಬೇಕಿಲ್ಲ, ಆದರೆ ಅಂದಾಜು ಸಿಗ್ತದೆ.

ಇಂಥ ಸ್ಪರ್ಧೆಗಳಲ್ಲಿ ದಾರಿ ನಡುವೆ ನೀರು ಕೊಡುವ ಜಾಗ ಇರ್ತವೆ. ಪೂರ್ತಿ ನೀರನ್ನು ಮನೆಯಿಂದ ಹೊರಬೇಕಿಲ್ಲ. ಎರಡು ಬಾಟ್ಲಿ ಇಟ್ಟುಕೊಂಡು ತುಂಬಿಸಿಕೊಳ್ತಾ ಹೋದರೆ ಹೆಚ್ಚಿನವರಿಗೆ ಸಾಕಾಗ್ತದೆ. ಖಾಲಿ ಬಾಟ್ಲಿಯನ್ನು ಗೊತ್ತುಪಡಿಸಿದ ಜಾಗದಲ್ಲೇ ಎಸೀಬೇಕು, ಬೇರೆ ಕಡೆ ಎಸೆದರೆ ದಂಡನೆ ಇದೆ.

ಕೈಗೆ ಸಿಗದ ಬಾಟ್ಲಿ

ಏರೋಬಾರ್ ಬಿಟ್ಟು ಎದ್ದು ಕೂತರೆ ಗಾಳಿಯ ತಡೆ ಹತ್ತಿರಹತ್ತಿರ ಮೂರನೇ ಒಂದು ಪಾಲು ಏರ್ತದೆ. ಹತ್ತು ನಿಮಿಷಕ್ಕೊಮ್ಮೆ ಎಂಟು ಸೆಕೆಂಡ್ ಎದ್ದು ಕುಡಿದರೆ ಒಟ್ಟು ಲೆಕ್ಕದಲ್ಲಿ ನಷ್ಟ ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಅದೇನೂ ದೊಡ್ಡದಲ್ಲ. ನಿಜವಾದ ನಷ್ಟ ಎಲ್ಲಿ ಅಂದರೆ, ಕೈಗೆ ಸುಲಭವಾಗಿ ಸಿಗದ ಬಾಟ್ಲಿಯನ್ನು ಜನ ಮುಟ್ಟೋದೇ ಇಲ್ಲ. "ಮುಂದಿನ ತಿರುವಲ್ಲಿ ಕುಡಿಯೋಣ" ಅಂತ ಮುಂದೂಡಿ, ಕೊನೆಗೆ ತುಂಬಿದ ಬಾಟ್ಲಿಯನ್ನೇ 90 ಕಿ.ಮೀ. ಹೊತ್ತು ತರ್ತಾರೆ.

ಬೆನ್ನಿಗೆ ಹಾಕುವ ನೀರಿನ ಚೀಲ ಹುಟ್ಟಿದ್ದೂ ಹೀಗೇ. 1989ರಲ್ಲಿ ಅಮೆರಿಕದ ಟೆಕ್ಸಾಸ್‌ನ ಸುಡುಬಿಸಿಲಿನ ನೂರು ಮೈಲಿ ಸವಾರಿಯಲ್ಲಿ ಮೈಕೆಲ್ ಐಡ್ಸನ್ ಅನ್ನುವ ತುರ್ತು ವೈದ್ಯಕೀಯ ಸಿಬ್ಬಂದಿ, ಆಸ್ಪತ್ರೆಯಲ್ಲಿ ಸಲೈನ್ ಹಾಕುವ ಚೀಲಕ್ಕೆ ನೀರು ತುಂಬಿ, ಕಾಲುಚೀಲದಲ್ಲಿ ಹಾಕಿ, ಬೆನ್ನಿಗೆ ಹೊಲಿದುಕೊಂಡು ಕೊಳವೆಯಿಂದ ಕುಡಿದ. ಅದೇ ಮುಂದೆ ಕ್ಯಾಮೆಲ್‌ಬ್ಯಾಕ್ ಕಂಪನಿ ಆಯ್ತು. ಬಾಯಿಗೆ ನೀರು ಹತ್ತಿರ ಬಂದರೆ ಮನುಷ್ಯ ಕುಡೀತಾನೆ.

ಅಂಗಡಿಯವರು ಗಮನಿಸಬೇಕಾದ್ದು

ಶಾಲೆ, ಕೆಲಸಕ್ಕೆ 15 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಈ ಗಾಳಿ ಲೆಕ್ಕ ಬೇಡವೇ ಬೇಡ. ಆ ವೇಗದಲ್ಲಿ ಬಾಟ್ಲಿ ಎಲ್ಲಿದ್ದರೂ ವ್ಯತ್ಯಾಸ ಅರ್ಧ ವಾಟ್ ಆಗಲ್ಲ. ಅವರಿಗೆ ದುಬಾರಿ ಏರೋ ಬಾಟ್ಲಿ ಮಾರಿದರೆ ಆ ಗಿರಾಕಿ ಮತ್ತೆ ಬರಲ್ಲ.

ಸ್ಪರ್ಧೆಗೆ ಹೋಗುವವರಿಗೆ ಮೊದಲು ಬೇಕಾದ್ದು ಬಿಗಿಯಾದ ಕೇಜ್. ಫ್ರೇಮಿನ ಎರಡು ತೂತುಗಳ ನಡುವೆ ಸಾಮಾನ್ಯವಾಗಿ 64 ಮಿ.ಮೀ. ಅಂತರ ಇರ್ತದೆ, ಬೋಲ್ಟ್ 5 ಮಿ.ಮೀ.ದು. ಈ ಅಳತೆಯ ಕೇಜ್ ಯಾವ ಕಂಪನಿಯದಾದರೂ ಕೂರ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ನೀರಿನ ಬಾಟ್ಲಿ ಕೇಜಿನ ಅಳತೆಗೆ ಸರಿಯಾಗಿ ಕೂರಲ್ಲ, ಮೊದಲ ಹಂಪ್‌ಗೇ ಹಾರ್ತದೆ. ಏರೋಬಾರ್ ಇದ್ದವರಿಗೆ ಒಂದು ಮಾಮೂಲು ಕೇಜನ್ನು ಎರಡು ಬಾರ್‌ಗಳ ನಡುವೆ ಜಿಪ್ ಟೈ ಮತ್ತು ರಬ್ಬರ್ ತುಂಡು ಹಾಕಿ ಬಿಗಿಯಾಗಿ ಕಟ್ಟಿಕೊಟ್ಟರೆ ಕೆಲವೇ ನೂರು ರೂಪಾಯಿಯಲ್ಲಿ ಒಳ್ಳೆ ಜಾಗ ಸಿಗ್ತದೆ. ಹೆಚ್ಚಿನ ಲಾಭ ಆ ಜಾಗದ್ದು, ಬಾಟ್ಲಿಯ ಬೆಲೆಯದ್ದಲ್ಲ. ಕಟ್ಟಿದ ಮೇಲೆ ಹ್ಯಾಂಡಲ್ ಪೂರ್ತಿ ತಿರುಗ್ತದಾ, ಬ್ರೇಕ್ ಕೇಬಲ್‌ಗೆ ತಾಗ್ತದಾ ನೋಡಿ.

ನೀವೇ ಪರೀಕ್ಷೆ ಮಾಡಿ

ಗಾಳಿ ಸುರಂಗ ನಮಗೆ ಸಿಗಲ್ಲ. ಆದರೆ ವಾಹನ ಓಡಾಡದ ಒಂದು ಸಣ್ಣ ಇಳಿಜಾರು ಸಿಕ್ಕರೆ ಸಾಕು. ಗಾಳಿ ಇಲ್ಲದ ಮುಂಜಾನೆ, ಒಂದೇ ಗುರುತಿನಿಂದ, ಪೆಡಲ್ ತುಳಿಯದೆ, ಒಂದೇ ಭಂಗಿಯಲ್ಲಿ ಸೈಕಲ್ ಬಿಡಿ. ಎಷ್ಟು ದೂರ ಹೋಗಿ ನಿಲ್ತದೆ ಅಂತ ಗುರುತು ಹಾಕಿ. ಬಾಟ್ಲಿ ಮೊದಲ ಜಾಗದಲ್ಲಿಟ್ಟು ಮೂರು ಸಲ, ಎರಡನೇ ಜಾಗದಲ್ಲಿಟ್ಟು ಮೂರು ಸಲ, ಮತ್ತೆ ಮೊದಲ ಜಾಗದಲ್ಲಿ ಮೂರು ಸಲ. ಕೊನೆಯ ಮೂರು ಮೊದಲ ಮೂರಕ್ಕೆ ಹೊಂದದಿದ್ದರೆ ನಡುವೆ ಗಾಳಿ ಬದಲಾಗಿದೆ ಅಂತ ಅರ್ಥ, ಆ ದಿನದ ಲೆಕ್ಕ ಬಿಟ್ಟುಬಿಡಿ. ಈ ಪರೀಕ್ಷೆಯಲ್ಲಿ ವೇಗ ಕಡಿಮೆ ಇರೋದರಿಂದ ದೊಡ್ಡ ತಪ್ಪುಗಳು ಮಾತ್ರ ಗೊತ್ತಾಗ್ತವೆ. ಹೆಲ್ಮೆಟ್ ಮರೀಬೇಡಿ.

ಆಮೇಲೆ ಅದೇ ಜೋಡಣೆಯಲ್ಲಿ ನಮ್ಮ ಗುಂಡಿ ರಸ್ತೆಯಲ್ಲಿ ಎರಡು ಗಂಟೆ ತುಳಿದು ಬನ್ನಿ. ಬಾಟ್ಲಿ ಬೀಳಲಿಲ್ಲ, ಕಣ್ಣು ರಸ್ತೆಯಿಂದ ಸರಿಯಲಿಲ್ಲ, ಮನೆಗೆ ಬರುವಷ್ಟರಲ್ಲಿ ನೀರು ಖಾಲಿಯಾಗಿತ್ತು ಅಂದರೆ ನಿಮ್ಮ ಬಾಟ್ಲಿ ಸರಿಯಾದ ಜಾಗದಲ್ಲಿದೆ. ಒಂದೆರಡು ವಾಟ್ ಹೆಚ್ಚುಕಮ್ಮಿ ಆದರೂ ಅದನ್ನೇ ಇಟ್ಟುಕೊಳ್ಳಿ.